ಬ್ರಿಕ್ ಲೇನಿನ ಮಗ್ಗದ ಕಿಟಕಿಗಳು

ಲಂಡನ್ನಿಗೆ ಹೊರಡುವ ಹಿಂದಿನ ಭಾನುವಾರ ದೊಡ್ಡಬಳ್ಳಾಪುರದ ಮನೆಗೆ ಹೋಗಿದ್ದೆ. ಊಟಕ್ಕೆ ಕೂತಾಗ ಅಪ್ಪನಿಗೂ ನನಗೂ ಮಾತಿಗೆ ಮಾತು ಬೆಳೆಯಿತು. ನಮ್ಮದು ನೇಕಾರರ ಬೀದಿ. ಕೋಳಿ ಕೂಗುವುದಕ್ಕೆ ಮುಂಚೆಯೇ ಒಂದೊಂದು ಮನೆಯಲ್ಲಿ ಒಂದೊಂದು ಲಯದಲ್ಲಿ ಮಗ್ಗ ಶುರುವಾಗುತ್ತಿತ್ತು. ಆ ಸದ್ದು ನಿಂತರೆ ನಮಗೆ ಎಚ್ಚರವಾಗುತ್ತಿತ್ತು. ಮಗ್ಗಗಳು ಈಗಲೂ ಇವೆ. ಅವುಗಳ ಮುಂದೆ ನಿಂತವರು ಮಾತ್ರ ಬಿಹಾರ, ಒಡಿಶಾ ಕಡೆಯ ಹುಡುಗರು.

"ಸಂಜೆ ಜಗಲಿ ಮೇಲೆ ಕೂತ್ರೆ ಒಂದು ಕನ್ನಡದ ಮಾತು ಕಿವಿಗೆ ಬೀಳಲ್ಲ ಕಣಮ್ಮ. ಚೌಡೇಶ್ವರಮ್ಮನ ಹಬ್ಬಕ್ಕೆ ದೇವರು ಹೊರೋಕೆ ನಮ್ಮ ಹುಡುಗ್ರು ಸಿಗಲ್ಲ. ನಮ್ಮ ಬೀದೀಲಿ ನಾವೇ ಹೊರಗಿನೋರಾಗಿಬಿಟ್ವಿ" ಅಂದರು ಅಪ್ಪ.

ನಾನು ಓದಿಕೊಂಡವಳ ಧಾಟಿಯಲ್ಲಿ ಉತ್ತರ ಕೊಟ್ಟೆ. ಕಾಲ ಬದಲಾಗುತ್ತದೆ, ಅವರೂ ಹೊಟ್ಟೆಪಾಡಿಗೆ ಬಂದವರು, ದೇಶದಲ್ಲಿ ಯಾರು ಎಲ್ಲಿ ಬೇಕಾದರೂ ದುಡಿಯಬಹುದು, ನಿಮ್ಮ ಮನಸ್ಸು ಸಣ್ಣದಾಗುತ್ತಿದೆ ಅಂದೆ. ಆ ಕೊನೆಯ ಮಾತು ಆಡಬಾರದಿತ್ತು. ಅಪ್ಪ ಮಜ್ಜಿಗೆ ಅನ್ನವನ್ನು ಅರ್ಧಕ್ಕೇ ಬಿಟ್ಟು ಕೈ ತೊಳೆದುಕೊಂಡರು. ಮಾರನೆಯ ದಿನ ಬಸ್ಸು ಹತ್ತುವಾಗಲೂ ಹೆಚ್ಚಿಗೆ ಮಾತಾಡಲಿಲ್ಲ. ಆ ಅರ್ಧ ಊಟದ ತಟ್ಟೆಯ ಚಿತ್ರವನ್ನು ಹೊತ್ತುಕೊಂಡೇ ನಾನು ಪೂರ್ವ ಲಂಡನ್ನಿನಲ್ಲಿ ಅಲೆದೆ.

ವೈಟ್‌ಚಾಪೆಲ್ ನಿಲ್ದಾಣದಲ್ಲಿ ಇಳಿದಾಗ ಮೊದಲು ಕಂಡದ್ದು ಹೆಸರಿನ ಫಲಕ. ಇಂಗ್ಲಿಷಿನ ಜೊತೆಗೆ ಬಂಗಾಳಿ ಲಿಪಿಯಲ್ಲೂ ಬರೆದಿತ್ತು. 2022ರ ಮಾರ್ಚ್‌ನಲ್ಲಿ ಹಾಕಿದ್ದು. ಈ ಭಾಗ ಸೇರಿರುವ ಟವರ್ ಹ್ಯಾಮ್ಲೆಟ್ಸ್‌ನಲ್ಲಿ 2021ರ ಜನಗಣತಿಯ ಪ್ರಕಾರ ನೂರಕ್ಕೆ 34.6ರಷ್ಟು ಜನ ಬಾಂಗ್ಲಾದೇಶಿ ಮೂಲದವರು. 2025ರ ಫೆಬ್ರುವರಿಯಲ್ಲಿ ರೂಪರ್ಟ್ ಲೋ ಎಂಬ ಸಂಸದರು ಲಂಡನ್ನಿನ ನಿಲ್ದಾಣದ ಹೆಸರು ಇಂಗ್ಲಿಷಿನಲ್ಲಿ ಮಾತ್ರ ಇರಬೇಕು ಎಂದರು. ಇಲಾನ್ ಮಸ್ಕ್ ಹೌದೆಂದರು. ಅಲ್ಲಿಂದ ಮಾತು ಲೋಕವೆಲ್ಲ ಸುತ್ತಿತು.

ಪರದೇಶದ ನಿಲ್ದಾಣದಲ್ಲಿ ನಮ್ಮ ಕಡೆಯ ಒಂದು ಲಿಪಿ ಕಂಡು ನನಗೆ ಸಂತೋಷವಾಯಿತು. ಮರುಕ್ಷಣವೇ 2017ರ ಬೇಸಿಗೆ ನೆನಪಾಯಿತು. ನಮ್ಮ ಮೆಟ್ರೋ ನಿಲ್ದಾಣಗಳಲ್ಲಿ ಹಿಂದಿ ಫಲಕಗಳು ಬೇಡವೆಂದು ಬೆಂಗಳೂರು ಎದ್ದು ನಿಂತಿದ್ದ ದಿನಗಳು. ನಾನೂ ಅವರ ಜೊತೆಗಿದ್ದೆ. ಹಾಗಾದರೆ ಲೋ ಅವರಿಗೂ ನನಗೂ ಏನು ವ್ಯತ್ಯಾಸ? ನಿಲ್ದಾಣದ ಬೆಂಚಿನ ಮೇಲೆ ಕೂತು ಬಹಳ ಹೊತ್ತು ಯೋಚಿಸಿದೆ. ವ್ಯತ್ಯಾಸ ಇದೆ, ಸಣ್ಣದೂ ಅಲ್ಲ. ಬೆಂಗಳೂರಿನಲ್ಲಿ ಹಿಂದಿ ಫಲಕದ ಬೆನ್ನಿಗೆ ಕೇಂದ್ರದ ಭಾಷಾನೀತಿ ಇತ್ತು. ವೈಟ್‌ಚಾಪೆಲ್ಲಿನ ಬಂಗಾಳಿಯ ಬೆನ್ನಿಗೆ ಇರುವವರು ಹೊಲಿಗೆ ಮಿಷನ್ ತುಳಿದವರು, ಹೋಟೆಲಿನ ಪಾತ್ರೆ ತೊಳೆದವರು. ಲಂಡನ್ನಿನಲ್ಲಿ ಇಂಗ್ಲಿಷನ್ನು ಅಲುಗಾಡಿಸುವ ಶಕ್ತಿ ಆ ಫಲಕಕ್ಕಿಲ್ಲ. ಆದರೆ ನಮ್ಮ ಬೀದಿಯ ಒಡಿಶಾದ ಹುಡುಗನ ಬೆನ್ನಿಗೂ ಯಾವ ಸರ್ಕಾರವೂ ಇಲ್ಲ. ಅಪ್ಪನ ಸಂಕಟವನ್ನು ಮೆಟ್ರೋ ಫಲಕದ ಜಗಳದ ಜೊತೆ ಸೇರಿಸಿ ನೋಡಿದರೆ ಎರಡೂ ಅರ್ಥವಾಗುವುದಿಲ್ಲ.

ನಿಲ್ದಾಣದಿಂದ ಸ್ವಲ್ಪ ದೂರ ನಡೆದರೆ ಆಲ್ತಾಬ್ ಅಲಿ ಪಾರ್ಕ್. ವೈಟ್‌ಚಾಪೆಲ್ ಎಂಬ ಹೆಸರು ಹುಟ್ಟಿದ್ದೇ ಇಲ್ಲಿದ್ದ ಬಿಳಿಯ ಚರ್ಚಿನಿಂದ. ಎರಡನೇ ಮಹಾಯುದ್ಧದ ಬಾಂಬಿಗೆ ಆ ಸೇಂಟ್ ಮೇರಿ ಚರ್ಚ್ ಹಾಳಾಯಿತು. ಹುಲ್ಲಿನ ನಡುವೆ ಅದರ ಅಡಿಪಾಯದ ಗುರುತು ಕಾಣುತ್ತದೆ. 1978ರ ಮೇ 4ರಂದು, ಸ್ಥಳೀಯ ಚುನಾವಣೆಯ ದಿನ, ಬಟ್ಟೆ ಕಾರ್ಖಾನೆಯ ಕೆಲಸ ಮುಗಿಸಿ ಮನೆಗೆ ಹೋಗುತ್ತಿದ್ದ ಬಾಂಗ್ಲಾದೇಶಿ ಯುವಕ ಆಲ್ತಾಬ್ ಅಲಿಯನ್ನು ಇದರ ಪಕ್ಕದ ಬೀದಿಯಲ್ಲಿ ಇರಿದು ಕೊಂದರು. ಅವನು ಯಾರೆಂದು ಕೊಂದವರಿಗೆ ಗೊತ್ತಿರಲಿಲ್ಲ. ಮೂವರೂ ಹದಿಹರೆಯದವರು. ಹತ್ತು ದಿನಗಳ ನಂತರ ಸುಮಾರು 7,000 ಜನ ಅವನ ಶವಪೆಟ್ಟಿಗೆಯ ಹಿಂದೆ ಪ್ರಧಾನಿಯ ಮನೆಯ ತನಕ ನಡೆದರು. ಬಾಗಿಲು ಹಾಕಿಕೊಂಡು ಬದುಕುತ್ತಿದ್ದ, ಬಾಂಗ್ಲಾದೇಶದ ಸಿಲ್ಹೆಟ್ಟಿನ ಜನ ಬೀದಿಗೆ ಬಂದದ್ದು ಅಂದಿನಿಂದ ಎನ್ನುತ್ತಾರೆ. ಪಾರ್ಕಿಗೆ ಅವನ ಹೆಸರಿಟ್ಟದ್ದು 1998ರಲ್ಲಿ.

ಪಾರ್ಕಿನ ಮೂಲೆಯಲ್ಲಿ ಬಿಳಿ ಕಂಬಗಳ ಶಹೀದ್ ಮಿನಾರ್ ಇದೆ, ಢಾಕಾದಲ್ಲಿರುವುದರ ಚಿಕ್ಕ ಪ್ರತಿರೂಪ. 1952ರ ಫೆಬ್ರುವರಿ 21ರಂದು, ಉರ್ದು ಒಂದೇ ದೇಶಭಾಷೆ ಎಂಬ ಪಾಕಿಸ್ತಾನದ ಹೇರಿಕೆಯ ವಿರುದ್ಧ ನಿಂತು ಗುಂಡಿಗೆ ಬಲಿಯಾದವರ ನೆನಪಿನದು. ನಾನು ಅದರ ಮುಂದೆ ಚಪ್ಪಲಿ ಬಿಟ್ಟು ನಿಂತೆ. ಹಾಗೆ ಮಾಡಬೇಕೆಂದು ಯಾರೂ ಹೇಳಿರಲಿಲ್ಲ. ಗೋಕಾಕ್ ಚಳವಳಿಯ ಕಾಲದಲ್ಲಿ ದೊಡ್ಡಬಳ್ಳಾಪುರದಿಂದ ಬೆಂಗಳೂರಿಗೆ ಲಾರಿಯಲ್ಲಿ ಹೋಗಿ ಘೋಷಣೆ ಕೂಗಿ ಬಂದದ್ದನ್ನು ಅಪ್ಪ ಎಷ್ಟೋ ಸಲ ಹೇಳಿದ್ದರು. ತಾಯಿನುಡಿಯ ಸಂಕಟ ಗೊತ್ತಿರುವವರ ಫಲಕವೇ ನಿಲ್ದಾಣದಲ್ಲಿರುವುದು. ಲೋ ಅವರ ಮಾತಿಗೆ ಉತ್ತರ ಹುಡುಕುವವರು ಈ ಮಿನಾರಿನ ಮುಂದೊಮ್ಮೆ ನಿಲ್ಲಬೇಕೆಂದು ನನಗನ್ನಿಸಿತು.

ಅಲ್ಲಿಂದ ಬ್ರಿಕ್ ಲೇನ್. ಫೌರ್ನಿಯರ್ ಬೀದಿ ಬಂದು ಕೂಡುವ ಮೂಲೆಯಲ್ಲಿರುವ ಇಟ್ಟಿಗೆಯ ಕಟ್ಟಡವನ್ನು ನೋಡಬೇಕೆಂದೇ ಇಷ್ಟು ದೂರ ಬಂದಿದ್ದೆ. 1743ರಲ್ಲಿ ಇದನ್ನು ಚರ್ಚಾಗಿ ಕಟ್ಟಿದವರು ಹ್ಯೂಗೆನಾಟರು, ಫ್ರಾನ್ಸಿನ ಪ್ರಾಟೆಸ್ಟೆಂಟರು. 1685ರಲ್ಲಿ ಹದಿನಾಲ್ಕನೇ ಲೂಯಿ ಅವರ ಪೂಜೆಯ ಹಕ್ಕನ್ನು ಕಿತ್ತುಕೊಂಡಾಗ ಹತ್ತಾರು ಸಾವಿರ ಜನ ಇಂಗ್ಲಿಷ್ ಕಾಲುವೆ ದಾಟಿ ಬಂದಿದ್ದರು. ಇಂಗ್ಲಿಷಿಗೆ 'ರೆಫ್ಯೂಜಿ' ಎಂಬ ಪದ ಬಂದದ್ದು ಇವರ ಜೊತೆಯಲ್ಲೇ. 1809ರಲ್ಲಿ ಯಹೂದಿಗಳನ್ನು ಕ್ರೈಸ್ತರನ್ನಾಗಿಸಲು ಹುಟ್ಟಿದ ಸಂಘವೊಂದು ಇಲ್ಲಿ ಬೋಧನೆಗೆ ಕೂತಿತು. 1819ರಲ್ಲಿ ಮೆಥಡಿಸ್ಟರು ಬಂದರು. 1898ರಲ್ಲಿ ಇದು ಯಹೂದಿಗಳ ಸಿನಗಾಗ್ ಆಯಿತು. ಎಲ್ಲಿ ಅವರ ಧರ್ಮ ಬಿಡಿಸಲು ಹೊರಟಿದ್ದರೋ ಅದೇ ಗೋಡೆಗಳ ನಡುವೆ ತೋರಾ ಓದಿದರು. 1976ರಿಂದ ಇದು ಜಾಮೆ ಮಸೀದಿ. ಗೋಡೆಯ ಮೇಲೆ ಎತ್ತರದಲ್ಲಿ 1743 ಎಂದು ಕೆತ್ತಿದ ನೆರಳು ಗಡಿಯಾರ ಇನ್ನೂ ಇದೆ. ಅದರ ಮೇಲೆ ಮನುಷ್ಯರನ್ನು ನೆರಳಿಗೆ ಹೋಲಿಸುವ ಎರಡು ಲ್ಯಾಟಿನ್ ಪದಗಳಿವೆ. ಯಾರೂ ಅದನ್ನು ಕೀಳಲಿಲ್ಲ.

ಈ ಕಟ್ಟಡವನ್ನು ತೋರಿಸಿ ಸೌಹಾರ್ದದ ಕಥೆ ಹೇಳುವವರು ಬಹಳ. ನನಗೂ ಆ ಕಥೆಯೇ ಗೊತ್ತಿತ್ತು. ಒಂದು ದೇವರ ಮನೆ, ಸರದಿಯಲ್ಲಿ ಮೂರು ಧರ್ಮ ಅಂತ. ನಿಜ ಅಷ್ಟು ಮೆತ್ತಗಿಲ್ಲ. ಹ್ಯೂಗೆನಾಟರನ್ನು ಊರು ಆರತಿ ಎತ್ತಿ ಕರೆದುಕೊಳ್ಳಲಿಲ್ಲ. ಹೊರಗಿಂದ ಬಂದ ಪ್ರಾಟೆಸ್ಟೆಂಟರಿಗೆ ಪೌರತ್ವ ಕೊಡುವ ಮಸೂದೆ ಸಂಸತ್ತಿಗೆ ಬಂದಾಗ ಬ್ರಿಸ್ಟಲ್ಲಿನ ಸದಸ್ಯ ಸರ್ ಜಾನ್ ನೈಟ್, ಮೊದಲು ಮಸೂದೆಯನ್ನು ಸಭೆಯಿಂದ ಒದ್ದು ಹಾಕೋಣ, ಆಮೇಲೆ ಪರದೇಶಿಗಳನ್ನು ದೇಶದಿಂದ ಎಂಬ ಅರ್ಥದ ಭಾಷಣ ಮಾಡಿದ. ಅಚ್ಚಾಗಿ ಹಂಚಿಹೋದ ಆ ಭಾಷಣವನ್ನು 1694ರಲ್ಲಿ ಸಂಸತ್ತೇ ಸುಡಿಸಿತು. ದ್ವೇಷಕ್ಕೆ ಗುರಿಯಾಗಲು ಬೇರೆ ಧರ್ಮವೇ ಬೇಕಿರಲಿಲ್ಲ. ಅವರೂ ಪ್ರಾಟೆಸ್ಟೆಂಟರು, ಇವರೂ ಪ್ರಾಟೆಸ್ಟೆಂಟರು.

ಯಹೂದಿಗಳ ಪಾಳಿ ಬಂದಾಗಲೂ ಅದೇ ಆಯಿತು. 1881ರ ನಂತರ ರಷ್ಯಾದ ಹಿಂಸೆಯಿಂದ ಓಡಿ ಬಂದು ಈ ಬೀದಿಗಳಲ್ಲಿ ಒತ್ತೊತ್ತಾಗಿ ನೆಲೆಸಿದರು. 1901ರಲ್ಲಿ ವಲಸೆ ವಿರೋಧಿ ಬ್ರಿಟಿಷ್ ಬ್ರದರ್ಸ್ ಲೀಗ್ ಹುಟ್ಟಿತು, ಸ್ಟೆಪ್ನಿಯ ಸಂಸದ ಇವಾನ್ಸ್-ಗಾರ್ಡನ್ ಅದರ ದೊಡ್ಡ ದನಿಯಾದ, 1905ರಲ್ಲಿ ವಲಸೆ ತಡೆಯುವ ಏಲಿಯನ್ಸ್ ಕಾಯ್ದೆ ಬಂತು. ಹಾಗೆಂದು ಯಹೂದಿಗಳೆಲ್ಲ ಒಂದೇ ಮನಸ್ಸಿನವರಾಗಿದ್ದರು ಅಂದುಕೊಳ್ಳಬಾರದು. 1904ರ ಯೋಮ್ ಕಿಪ್ಪೂರ್ ದಿನ, ಆಸ್ತಿಕರೆಲ್ಲ ಉಪವಾಸವಿದ್ದಾಗ, ದೇವರನ್ನು ನಂಬದ ಯಹೂದಿ ಕಾರ್ಮಿಕರು ಅವರ ಕಣ್ಣೆದುರೇ ಉಂಡರು. ಇದೇ ಓಣಿಗಳಲ್ಲಿ ಕಲ್ಲು ತೂರಾಟವಾಗಿ ಪೊಲೀಸರು ಬರಬೇಕಾಯಿತು. 2006ರಲ್ಲಿ ಮೋನಿಕಾ ಅಲಿಯವರ 'ಬ್ರಿಕ್ ಲೇನ್' ಕಾದಂಬರಿಯ ಸಿನಿಮಾ ಚಿತ್ರೀಕರಣ ನಡೆಯಬಾರದೆಂದು ಸಿಲ್ಹೆಟ್ಟಿಗಳಲ್ಲೇ ಒಂದು ಗುಂಪು ಮೆರವಣಿಗೆ ತೆಗೆಯಿತು, ಮತ್ತೊಂದು ಗುಂಪು ಅದು ಬರಹಗಾರ್ತಿಯ ಹಕ್ಕು ಎಂದಿತು. ಹೊರಗಿನವರು 'ಅವರು' ಎಂದು ಒಂದೇ ಪದದಲ್ಲಿ ಮುಗಿಸುವ ಜನರ ಮನೆಯೊಳಗೆ ಎಷ್ಟೊಂದು ಜಗಳ ನಡೆಯುತ್ತಿರುತ್ತದೆ! ಅಪ್ಪನಿಗೂ ನನಗೂ ನಡೆದದ್ದು ಅಂಥದ್ದೇ ಅಲ್ಲವೇ?

ಬಹಳ ಹೊತ್ತು ನಾನು ನಿಂತದ್ದು ಮಸೀದಿಯ ಎದುರಲ್ಲ, ಫೌರ್ನಿಯರ್ ಬೀದಿಯ ಮನೆಗಳ ಕೆಳಗೆ. ಈ ಮನೆಗಳ ಮೇಲಟ್ಟಕ್ಕೆ ಉದ್ದುದ್ದ ಕಿಟಕಿಗಳಿವೆ. ಮಗ್ಗಕ್ಕೆ ಬೆಳಕು ಬೇಕೆಂದು ಇಟ್ಟದ್ದು. ಹ್ಯೂಗೆನಾಟರು ತಂದ ರೇಷ್ಮೆ ನೇಯ್ಗೆ ಈ ಬೀದಿಗಳಿರುವ ಸ್ಪಿಟಲ್‌ಫೀಲ್ಡ್ಸ್‌ಗೆ ಹೆಸರು ತಂದಿತು. ಕತ್ತೆತ್ತಿ ನೋಡುತ್ತ ನಿಂತಾಗ ಲಾಳಿಯ ಸದ್ದು ಕೇಳಿದಂತಾಯಿತು. ಎಳೆ ಕಡಿದರೆ ಕಣ್ಣಿಗೆ ಬೀಳಬೇಕು, ಬಣ್ಣದ ಎಳೆಗಳ ಸೂಕ್ಷ್ಮ ಗೊತ್ತಾಗಬೇಕು, ಹೊಕ್ಕು ಸಡಿಲವಾದರೆ ಬೆರಳಿಗೆ ತಿಳಿಯಬೇಕು. ಈ ಕೆಲಸಕ್ಕೆ ಕೂತವನಿಗೆ ಫ್ರೆಂಚ್ ಆದರೇನು, ಕನ್ನಡವಾದರೇನು, ಬೇಕಿರುವುದು ಅದೇ ಬೆಳಕು. ಅಪ್ಪನ ಮಗ್ಗದ ನೆತ್ತಿಯ ಮೇಲೆ ಕೂತಿರುವ ಜಕಾರ್ಡ್ ಕೂಡ ಫ್ರಾನ್ಸಿನ ಲಿಯಾನಿನಲ್ಲಿ ಹುಟ್ಟಿದ್ದು. ಆ ಜಕಾರ್ಡಿನಿಂದಲೇ ನಮ್ಮ ಮನೆಯ ಸೀರೆಗಳ ಸೆರಗಿಗೆ ನವಿಲು ಬಂತು, ಮಾವಿನ ಬುಟ್ಟಾ ಬಂತು.

ಈ ಕಿಟಕಿಗಳ ಹಿಂದಿನ ಮಗ್ಗಗಳನ್ನು ನಿಲ್ಲಿಸಿದವರು ಯಾರು? ಯಹೂದಿಗಳಲ್ಲ. 1860ರಲ್ಲಿ ಬ್ರಿಟನ್ ಫ್ರಾನ್ಸಿನ ಜೊತೆ ವ್ಯಾಪಾರ ಒಪ್ಪಂದ ಮಾಡಿಕೊಂಡು ಫ್ರೆಂಚ್ ರೇಷ್ಮೆಯ ಮೇಲಿನ ಸುಂಕ ತೆಗೆಯಿತು. ಅದಾಗಲೇ ಬಡಕಲಾಗಿದ್ದ ಇಲ್ಲಿನ ನೇಯ್ಗೆ ಮತ್ತೆ ಏಳಲಿಲ್ಲ. ಯಹೂದಿಗಳು ದೊಡ್ಡ ಸಂಖ್ಯೆಯಲ್ಲಿ ಬಂದದ್ದು ಅದಾಗಿ ಇಪ್ಪತ್ತು ವರ್ಷಕ್ಕೆ.

ಇದೇ ಪ್ರಶ್ನೆ ಹಿಡಿದು ಮಧ್ಯಾಹ್ನ ಕೇಬಲ್ ಸ್ಟ್ರೀಟಿಗೆ ನಡೆದೆ. 1936ರ ಅಕ್ಟೋಬರ್ 4ರಂದು ಫ್ಯಾಸಿಸ್ಟ್ ನಾಯಕ ಆಸ್ವಾಲ್ಡ್ ಮೋಸ್ಲಿಯ ಕರಿ ಅಂಗಿ ತೊಟ್ಟ ಪಡೆ ಯಹೂದಿಗಳ ಬೀದಿಯಲ್ಲಿ ಮೆರವಣಿಗೆ ಹೊರಟಾಗ, ಯಹೂದಿಗಳ ಜೊತೆ ಹಡಗುಕಟ್ಟೆಯ ಐರಿಷ್ ಕೂಲಿಗಳೂ ಕಮ್ಯುನಿಸ್ಟರೂ ಅಡ್ಡಗಟ್ಟಿ ನಿಂತ ಜಾಗ. ಗೋಡೆ ತುಂಬ ಅದರ ಚಿತ್ರವಿದೆ. ನೋಡಿದರೆ ಎದೆ ತುಂಬುತ್ತದೆ. ಆದರೆ ಆ ಚಿತ್ರದಲ್ಲಿಲ್ಲದ ಒಂದು ದಿನವಿದೆ, 1968ರ ಏಪ್ರಿಲ್ 23. ಅದಕ್ಕೆ ಮೂರು ದಿನ ಮೊದಲು ಸಂಸದ ಈನಾಕ್ ಪವೆಲ್ ಬರ್ಮಿಂಗ್‌ಹ್ಯಾಮಿನಲ್ಲಿ ಕಪ್ಪು, ಕಂದು ಬಣ್ಣದ ವಲಸಿಗರ ವಿರುದ್ಧ ಮಾತಾಡಿದ್ದ. ಅವನ ಬೆಂಬಲಕ್ಕೆ ಸಂಸತ್ತಿಗೆ ಮೆರವಣಿಗೆ ಹೋದ ಸುಮಾರು ಸಾವಿರ ಜನ ಇದೇ ಪೂರ್ವ ಲಂಡನ್ನಿನ ಹಡಗುಕಟ್ಟೆಯ ಕೂಲಿಗಳು. ಕೇಬಲ್ ಸ್ಟ್ರೀಟಿನ ಮಕ್ಕಳು. ಅವರಿಗೆ ಭಯವಿತ್ತು, ಭಯಕ್ಕೆ ಕಾರಣವೂ ಇತ್ತು. ಅದೇ 1968ರಲ್ಲಿ ಸೇಂಟ್ ಕ್ಯಾಥರೀನ್ ಕಟ್ಟೆ ಮುಚ್ಚಿತು. 1981ರ ಹೊತ್ತಿಗೆ ರಾಯಲ್ ಕಟ್ಟೆಗಳೂ ಮುಚ್ಚಿದವು. ಅವರ ಕೆಲಸವನ್ನು ನುಂಗಿದ್ದು ಕಂಟೇನರು. ಕಬ್ಬಿಣದ ಪೆಟ್ಟಿಗೆಯಲ್ಲಿ ಬಂದ ಸರಕನ್ನು ಹೆಗಲ ಮೇಲೆ ಹೊತ್ತು ಇಳಿಸುವ ಆಳು ಬೇಕಾಗಲಿಲ್ಲ, ಅದನ್ನು ತರುವ ದೊಡ್ಡ ಹಡಗುಗಳಿಗೆ ಹಳೆಯ ಕಟ್ಟೆಗಳು ಸಾಲಲಿಲ್ಲ. ಕಂಟೇನರಿನ ವಿರುದ್ಧ ಪವೆಲ್ ಏನೂ ಹೇಳಿರಲಿಲ್ಲ. ಪಕ್ಕದ ಮನೆಯ ಸಿಖ್ಖನನ್ನು ತೋರಿಸುವುದು ಸುಲಭವಿತ್ತು.

ಅಪ್ಪನ ಮಗ್ಗದ ಕಥೆ ಇದಕ್ಕಿಂತ ಬೇರೆಯೇ? ಸೂರತ್ತಿನ ಸೀರೆ ರಾಶಿಗಟ್ಟಲೆ ಬಂದು ಅರ್ಧ ಬೆಲೆಗೆ ಬಿದ್ದಾಗ ನಮ್ಮ ಬೀದಿ ಸೊರಗಿತು. ನೂಲಿನ ದರ ಏರುತ್ತ ಹೋಯಿತು, ಸೀರೆಯ ದರ ಅಲ್ಲೇ ನಿಂತಿತು. ಮಗ್ಗದ ಕೂಲಿಗೆ ನಮ್ಮವರು ನಿಲ್ಲದಾದಾಗ ಆ ಹುಡುಗರು ಬಂದರು.

ನಮ್ಮವರು ನಿಲ್ಲದಾದಾಗ ಎಂದು ಬರೆದ ಕೈ ಇಲ್ಲಿ ತಡೆಯುತ್ತದೆ. ನಿಲ್ಲದವರಲ್ಲಿ ಮೊದಲನೆಯವಳು ನಾನು.

ಇದು ನನಗೆ ಹೊಳೆದದ್ದು ಬ್ರಿಕ್ ಲೇನಿನ ಒಂದು ಕಿರಾಣಿ ಅಂಗಡಿಯಲ್ಲಿ. ಒಣಮೀನು, ಸಾತ್‌ಕೋರಾ ಎಂಬ ಸಿಲ್ಹೆಟ್ಟಿನ ಹುಳಿಹಣ್ಣು, ಅಕ್ಕಿ ಚೀಲಗಳ ನಡುವೆ ಕೂತಿದ್ದ ಹಿರಿಯರೊಬ್ಬರು ನನ್ನ ಮುರುಕು ಹಿಂದಿಗೆ ತಮ್ಮ ಮುರುಕು ಹಿಂದಿಯಲ್ಲಿ ಉತ್ತರಿಸಿ, ಚಹಾ ಕೊಟ್ಟು ಕೂರಿಸಿದರು. ಎಪ್ಪತ್ತರ ದಶಕದಲ್ಲಿ ಹುಡುಗನಾಗಿ ಬಂದವರು. ಭಾನುವಾರ ಬೆಳಗ್ಗೆ ಬೀದಿಯ ತುದಿಯಲ್ಲಿ ವಲಸೆ ವಿರೋಧಿ ನ್ಯಾಷನಲ್ ಫ್ರಂಟಿನವರು ಪತ್ರಿಕೆ ಮಾರಲು ನಿಲ್ಲುತ್ತಿದ್ದಾಗ ಹಿಂದಿನ ಓಣಿಯಿಂದ ಓಡಾಡಿದ್ದನ್ನು ಹೇಳಿದರು. ಆಮೇಲೆ ಕೈ ಬೀಸಿ ಹೊರಗೆ ತೋರಿಸಿದರು. ಅಲ್ಲಿ ನಮ್ಮ ಹೋಟೆಲಿತ್ತು, ಈಗ ಕಾಫಿ ಅಂಗಡಿ. ಇಲ್ಲಿ ದರ್ಜಿ ಇದ್ದ, ಈಗ ಹಳೆ ಬಟ್ಟೆಯನ್ನು ಹೊಸದಕ್ಕಿಂತ ಹೆಚ್ಚಿಗೆ ಮಾರುತ್ತಾರೆ. ಸಂಜೆಯಾದರೆ ನನ್ನ ಭಾಷೆಯವರು ಸಿಗುವುದಿಲ್ಲ. ಬಂದವರೆಲ್ಲ ಸೇರಿ ನಮ್ಮ ಬೀದಿಯನ್ನು ತಿಂದುಬಿಟ್ಟರು.

ಅಪ್ಪನ ಮಾತನ್ನೇ ಬೇರೆ ಭಾಷೆಯಲ್ಲಿ ಕೇಳಿದಂತಾಯಿತು. ಅವರು ಹೇಳಿದ್ದರಲ್ಲಿ ಉತ್ಪ್ರೇಕ್ಷೆ ಇರಲಿಲ್ಲ. ಎರಡು ಸಾವಿರದ ದಶಕದ ನಡುವೆ ಈ ಬೀದಿಯಲ್ಲಿ ಅರವತ್ತು ಬಂಗಾಳಿ ಹೋಟೆಲುಗಳಿದ್ದವು, 2020ರ ಹೊತ್ತಿಗೆ ಉಳಿದದ್ದು 23. ಬಾಡಿಗೆ ಏರಿತು, ಪಕ್ಕದಲ್ಲಿರುವ ಲಂಡನ್ನಿನ ಹಣಕಾಸು ಕೇಂದ್ರ ಹಬ್ಬುತ್ತ ಬಂತು. ಹಳೆಯ ಟ್ರೂಮನ್ ಬ್ರೂವರಿಯ ಜಾಗದಲ್ಲಿ ಮಾಲ್ ಕಟ್ಟುವುದರ ವಿರುದ್ಧ ಸಾವಿರಾರು ಜನ ಅರ್ಜಿ ಬರೆದರು.

"ನಿಮ್ಮ ಮಕ್ಕಳು?" ಎಂದು ಕೇಳಿದೆ.

ಹಿರಿಯರ ಮುಖ ಬೆಳಗಿತು. ಒಬ್ಬ ಮಗ ಲೆಕ್ಕಪರಿಶೋಧಕ, ಇನ್ನೊಬ್ಬ ಆಸ್ಪತ್ರೆಯಲ್ಲಿ. ಇಬ್ಬರೂ ಇಲ್‌ಫರ್ಡಿನ ಕಡೆ ಹಿತ್ತಲಿರುವ ಮನೆ ಮಾಡಿದ್ದಾರೆ. ಅಂಗಡಿ ನೋಡಿಕೊಳ್ಳಲು ಯಾರೂ ಇಲ್ಲ. ಹೇಳುತ್ತ ಹೇಳುತ್ತ ದನಿ ಇಳಿಯಿತು. ಮಕ್ಕಳ ಮೇಲೆ ಒಂದು ದೂರಿನ ಮಾತೂ ಆಡಲಿಲ್ಲ. ದೂರಿದ್ದೆಲ್ಲ ಎದುರಿನ ಕಾಫಿ ಅಂಗಡಿಯವನನ್ನು.

ಸಿನಗಾಗ್ ಮಸೀದಿಯಾದದ್ದೂ ಹೀಗೆಯೇ. ಅದನ್ನು ಯಾರೂ ಗೆದ್ದುಕೊಳ್ಳಲಿಲ್ಲ. ದರ್ಜಿಗಳ ಮಕ್ಕಳು ಡಾಕ್ಟರಾದರು, ವಕೀಲರಾದರು, ಗೋಲ್ಡರ್ಸ್ ಗ್ರೀನಿನಂಥ ಉತ್ತರದ ಬಡಾವಣೆಗಳಿಗೆ ಹೊರಟರು. ಬೆಂಚುಗಳು ಖಾಲಿಯಾದವು. ಪ್ರಾರ್ಥನೆಗೆ ಬೇಕಾದ ಹತ್ತು ಗಂಡಸರು ಸೇರುವುದೂ ಕಷ್ಟವಾದ ಒಂದು ಬೆಳಗಿನಲ್ಲಿ, ಕೊನೆಗೆ ಉಳಿದ ಮುದುಕನೊಬ್ಬ ಬಾಗಿಲ ಕಡೆ ನೋಡುತ್ತ ಕೂತಿರಬಹುದು. ಅವನಿಗೆ ಬೀದಿಯಲ್ಲಿ ಕಂಡದ್ದು ಹೊಸಬರ ಮುಖ. ಹೋದವರ ಮುಖ ಕಾಣಲು ಅವರು ಅಲ್ಲಿರಲೇ ಇಲ್ಲ. ಹೋದವರು ನಮ್ಮ ಹೊಟ್ಟೆಯಲ್ಲಿ ಹುಟ್ಟಿದವರು, ನಾವೇ ಸಾಲ ಮಾಡಿ ಓದಿಸಿ ಕಳಿಸಿದವರು. ಅವರ ಮೇಲೆ ಸಿಟ್ಟು ಮಾಡಿಕೊಳ್ಳುವುದು ಹೇಗೆ? ಆ ಸಿಟ್ಟು ಎಲ್ಲಾದರೂ ಹೋಗಿ ಕೂರಬೇಕು, ಕಣ್ಣೆದುರಿಗೆ ಸಿಕ್ಕವನ ಮೇಲೆ ಕೂರುತ್ತದೆ. ಬೀದಿ ಬದಲಾದ ದುಃಖ ನಿಜವಾದದ್ದು. ಅದನ್ನು ಸಣ್ಣತನ ಎಂದು ಕರೆದು ನಾನು ತಪ್ಪು ಮಾಡಿದೆ. ಆದರೆ ಆ ದುಃಖವನ್ನು ಹಿಡಿದು ಯಾರೋ ಮೂರನೆಯವನು ವೇದಿಕೆ ಹತ್ತುತ್ತಾನಲ್ಲ, ಅಲ್ಲಿಂದ ಅದು ಬೇರೆಯೇ ಆಗುತ್ತದೆ. 2024ರ ಜುಲೈನಲ್ಲಿ ಸೌತ್‌ಪೋರ್ಟಿನಲ್ಲಿ ಮೂವರು ಪುಟ್ಟ ಹುಡುಗಿಯರ ಕೊಲೆಯಾದಾಗ, ಕೊಂದವನು ಆಶ್ರಯ ಬೇಡಿ ಬಂದ ಮುಸ್ಲಿಮನೆಂಬ ಸುಳ್ಳು ಹಬ್ಬಿತು. ಅವನು ಹುಟ್ಟಿದ್ದು ಬ್ರಿಟನ್ನಿನದೇ ಆದ ಕಾರ್ಡಿಫ್‌ನಲ್ಲಿ. ಆ ಸುಳ್ಳಿನ ಬೆನ್ನಿಗೇ ಸೌತ್‌ಪೋರ್ಟಿನ ಮಸೀದಿಗೆ ಕಲ್ಲು ಬಿತ್ತು. ಕೆಲ ದಿನಗಳಲ್ಲೇ ರಾದರಮ್ಮಿನಲ್ಲಿ ಆಶ್ರಿತರಿದ್ದ ಹೋಟೆಲಿಗೆ ಬೆಂಕಿ ಹಚ್ಚಲು ಹೋದರು. ಆ ಮಕ್ಕಳ ತಂದೆತಾಯಂದಿರ ಶೋಕಕ್ಕೆ ಇದರಿಂದ ಏನು ಸಿಕ್ಕಿತು?

ಮಾರನೆಯ ಬೆಳಗ್ಗೆ ಮತ್ತೆ ಫೌರ್ನಿಯರ್ ಬೀದಿಗೆ ಹೋಗಿ, ಅಲ್ಲಿಂದಲೇ ಮನೆಗೆ ಫೋನು ಮಾಡಿದೆ. ಅಲ್ಲಿ ಮಧ್ಯಾಹ್ನ ಕಳೆದಿತ್ತು. ಅಪ್ಪನ ಹಿಂದೆ ಮಗ್ಗ ಓಡುತ್ತಿತ್ತು. ಕ್ಷಮೆ ಕೇಳಬೇಕೆಂದಿದ್ದೆ, ಬಾಯಿಗೆ ಬಂದದ್ದು ಮಗ್ಗದ ಕಿಟಕಿಗಳ ಮಾತು. ಮುನ್ನೂರು ವರ್ಷದ ಹಿಂದಿನ ನೇಕಾರರ ಮನೆ ಅಪ್ಪ, ಅಟ್ಟದ ಉದ್ದಕ್ಕೂ ಕಿಟಕಿ ಅಂದೆ.

"ಯಾವ ದಿಕ್ಕಿಗಿದೆ ಕಿಟಕಿ?"

ಸೂರ್ಯನನ್ನು ನೋಡಿ ಲೆಕ್ಕ ಹಾಕಿ, ಈ ಸಾಲಿನವು ಉತ್ತರಕ್ಕೆ ಅಂದೆ.

"ಸರಿಯಾಗಿ ಇಟ್ಟವ್ರೆ. ಉತ್ತರದ ಬೆಳಕಾದ್ರೆ ಬಣ್ಣ ಮೋಸ ಮಾಡಲ್ಲ. ಗೊತ್ತಿದ್ದೋರು" ಅಂದರು. ಅಷ್ಟರಲ್ಲಿ ಸದ್ದು ನಿಂತಿತು. ಫೋನನ್ನು ಕಿವಿಯಿಂದ ತೆಗೆದು ಅಪ್ಪ ಕೂಗಿದ್ದು ಕೇಳಿತು: "ಎಳೆ ಕಡ್ದಿದೆ ನೋಡೋ."

"ನೋಡ್ದೆ ಅಪ್ಪಾಜಿ, ಕಟ್ತೀನಿ" ಎಂದಿತು ಇನ್ನೊಂದು ದನಿ. ಕನ್ನಡ ಇನ್ನೂ ನಾಲಿಗೆಗೆ ಹೊಂದಿರಲಿಲ್ಲ.

ಮಗ್ಗ ಮತ್ತೆ ಶುರುವಾಯಿತು. "ಯಾವತ್ತು ಬರ್ತೀಯಮ್ಮ?" ಎಂದು ಅಪ್ಪ ಕೇಳಿದರು.

"ಹದಿನೆಂಟಕ್ಕೆ ಬೆಂಗಳೂರಿಗೆ ಬಂದಿಳೀತೀನಪ್ಪ."

"ಬೆಂಗಳೂರಿಗಲ್ಲ. ಊರಿಗೆ ಯಾವತ್ತು ಅಂತ ಕೇಳ್ದೆ."